ಸೊಟ್ಟ ಗಡಿಯಾರಗಳು

ನಮ್ಮ ಶಿಶುಕೇಂದ್ರದ ಹಾಜರಿ ಪುಸ್ತಕದ ಪ್ರಕಾರ ಹತ್ತು ವರ್ಷಗಳಲ್ಲಿ ಒಂದು ಮಗುವೂ ಸಂಜೆ ಆರರ ಮೇಲೆ ಅಲ್ಲಿ ಉಳಿದಿಲ್ಲ. ಬಸ್ಸಿನವರು ಮುಷ್ಕರ ಹೂಡಿದ ದಿನವೂ ಇಲ್ಲ, ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತ ದಿನವೂ ಇಲ್ಲ. ‘ಹೋದ ಹೊತ್ತು’ ಎಂಬ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಆರು, ಆರು, ಆರು. ಹಾಗೆ ಬರೆದವಳು ನಾನೇ.

ಕೇಂದ್ರವೆಂದರೆ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಮೂರು ಕೋಣೆ. ಒಂದರಲ್ಲಿ ಆಟ, ಒಂದರಲ್ಲಿ ನಿದ್ದೆ, ಇನ್ನೊಂದರಲ್ಲಿ ಹಾಲು ಕಾಯಿಸುವ ಒಲೆ. ಇಪ್ಪತ್ತಾರು ಮಕ್ಕಳು. ಪಾಠ ಹೇಳುವ ಟೀಚರು ಐದಕ್ಕೆ ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಡುತ್ತಾಳೆ. ಐದರ ಮೇಲೆ ನಾನೇ. ಕಾಗದದಲ್ಲಿ ನಾನು ಆಯಾ, ಮಕ್ಕಳ ಬಾಯಲ್ಲಿ ದೊಡ್ಡಮ್ಮ. ಮಕ್ಕಳ ತಾಯಂದಿರೂ ಹಾಗೇ ಕರೆಯುತ್ತಾರೆ. ಅವರಲ್ಲಿ ಇಬ್ಬರನ್ನು ಚಿಕ್ಕವರಿದ್ದಾಗ ಇದೇ ಕೋಣೆಯಲ್ಲಿ ನಾನು ಮಲಗಿಸಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಹಾಜರಿ ಪುಸ್ತಕದ ಜೊತೆಗೇ ಒಂದು ನಿಯಮ ಬಂತು. ಮಗುವನ್ನು ಆರರೊಳಗೆ ಕರೆದುಕೊಂಡು ಹೋಗಬೇಕು. ತಿಂಗಳಲ್ಲಿ ಮೂರು ಸಲ ತಡವಾದರೆ ಹೆಸರು ಹೊಡೆದುಹಾಕಿ ಕಾಯುವ ಪಟ್ಟಿಯಲ್ಲಿರುವ ಮುಂದಿನ ಮಗುವನ್ನು ತೆಗೆದುಕೊಳ್ಳಬೇಕು. ಪಟ್ಟಿಯಲ್ಲಿ ಯಾವಾಗಲೂ ಎಂಬತ್ತು ಹೆಸರು ಇದ್ದೇ ಇರುತ್ತಿದ್ದವು. ಮೊದಲ ವರ್ಷ ನಾನೂ ಇದ್ದದ್ದನ್ನು ಇದ್ದ ಹಾಗೇ ಬರೆದೆ. ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುವವಳೊಬ್ಬಳ ಮಗುವಿಗೆ ಮೂರು ಗುರುತು ಬಿದ್ದು ಹೆಸರು ಹೋಯಿತು. ನಿಯಮ ನನ್ನದಲ್ಲವಲ್ಲ ಎಂದುಕೊಂಡು ಸುಮ್ಮನಾದೆ. ಎರಡು ವಾರ ಕಳೆದ ಮೇಲೆ ಅವಳ ಬೀದಿಯಲ್ಲಿ ಹೋಗುತ್ತಿದ್ದಾಗ ಯಾರೋ “ದೊಡ್ಡಮ್ಮಾ” ಎಂದು ಕೂಗಿದ ಹಾಗಾಯಿತು. ತಿರುಗಿ ನೋಡಿದರೆ ಕಿಟಕಿಯ ಕಂಬಿಯ ಹಿಂದೆ ಆ ಮಗು. ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ನೆಲದ ಮೇಲೆ ಒಂದು ತಟ್ಟೆ, ಅದರಲ್ಲಿ ಕಚ್ಚಿಬಿಟ್ಟ ಬ್ರೆಡ್ಡು. ಮೂರು ವರ್ಷದ ಕೂಸು ನನ್ನನ್ನು ನೋಡಿ ನಕ್ಕಿತು. ನನ್ನ ಬೆರಳು ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಮಾರನೆಯ ದಿನದಿಂದ ಎಲ್ಲರಿಗೂ ಆರು ಗಂಟೆ ಬರೆದೆ. ತಾಯಂದಿರು ಬೆಳಿಗ್ಗೆ ಬಂದು ಸಹಿ ಹಾಕುತ್ತಿದ್ದರು. ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬರೆದರೆ ಮುಗಿಯಿತೇ? ಆರರ ಮೇಲೆ ಉಳಿದ ಮಗುವಿನ ಹೊತ್ತು ಹೋಗಬೇಕಲ್ಲ. ಕೊನೆಗೆ ಉಳಿದ ಮಗು ಆಟ ಆಡುವುದಿಲ್ಲ, ಬಾಗಿಲನ್ನೇ ನೋಡುತ್ತದೆ. ಅದಕ್ಕೇ ಒಂದು ಆಟ ಮಾಡಿದೆ. ಹಳೆಯ ಸುತ್ತೋಲೆಗಳ ಹಿಂಬದಿಯಲ್ಲಿ ಲೋಟ ಕವುಚಿ ಗೆರೆ ಎಳೆದು, ಗಡಿಯಾರದ ಅಂಕಿಗಳನ್ನು ನಾನೇ ಬರೆದುಕೊಡುತ್ತಿದ್ದೆ. ಅಮ್ಮ ಬಾಗಿಲಿಗೆ ಬಂದ ತಕ್ಷಣ ಮಗು ಗೋಡೆಯ ಗಡಿಯಾರ ನೋಡಿ, ದೊಡ್ಡ ಮುಳ್ಳು ಎಲ್ಲಿ, ಚಿಕ್ಕ ಮುಳ್ಳು ಎಲ್ಲಿ ಎಂದು ಬರೆದು ಹೊತ್ತನ್ನು ‘ಹಿಡಿಯಬೇಕು’. ಬಾಗಿಲು ನೋಡುತ್ತಿದ್ದ ಕಣ್ಣು ಗಡಿಯಾರಕ್ಕೆ ಹೋದದ್ದೇ ತಡ, ಅರ್ಧ ಅಳು ನಿಂತಿತು. ಕಾಗದದ ಮೂಲೆಯಲ್ಲಿ ನಾನು ಮಗುವಿನ ಹೆಸರು, ತಾರೀಕು ಹಾಕುತ್ತಿದ್ದೆ. ಮೊದಲು ಅದನ್ನು ತಾಯಂದಿರ ಕೈಗೇ ಕೊಡುತ್ತಿದ್ದೆ. ಒಬ್ಬಳು ಏಳೂವರೆಯ ಗಡಿಯಾರ ನೋಡಿ ಮುಖ ಚಿಕ್ಕದು ಮಾಡಿಕೊಂಡಳು. ಅಂದಿನಿಂದ ಕೊಡುವುದು ಬಿಟ್ಟೆ. ಮಗು ಬರೆದದ್ದನ್ನು ಹರಿದು ಎಸೆಯಲು ಕೈ ಬರಲಿಲ್ಲ. ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಕುತ್ತ ಹೋದೆ.

ಹೀಗಿರುವಾಗ ಪ್ರೊಫೆಸರು ಬಂದರು.

ಮೇಲ್ವಿಚಾರಕಿ ಅವರನ್ನು ಕರೆತಂದು, “ಇವರು ವಿಶ್ವವಿದ್ಯಾಲಯದವರು, ಅರ್ಥಶಾಸ್ತ್ರ. ಸರ್ಕಾರಕ್ಕೋಸ್ಕರ ನಲವತ್ತು ಕೇಂದ್ರ ನೋಡ್ತಿದ್ದಾರೆ. ಕೇಳಿದ್ದೆಲ್ಲ ತೋರಿಸಿ” ಎಂದು ಹೇಳಿ ಹೋದಳು. ನಲವತ್ತೈದರ ಆಸುಪಾಸಿನ ಮನುಷ್ಯ, ನಮ್ಮ ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಬಂದವರೇ ಕೈಗೆ ಸಿಕ್ಕ ಕುರ್ಚಿಯ ಮೇಲೆ ಕೂತರು.

“ಸಾರ್, ಅದು ಮೂರು ವರ್ಷದವರ ಕುರ್ಚಿ.”

“ಪರವಾಗಿಲ್ಲಮ್ಮ.”

“ನಿಮಗೆ ಪರವಾಗಿಲ್ಲ, ಕುರ್ಚಿ ಗತಿ ಏನು?”

ಮಕ್ಕಳು ಒಂದೇ ದಿನದಲ್ಲಿ ಅವರಿಗೆ ‘ಏಣಿ ಮಾವ’ ಎಂದು ಹೆಸರಿಟ್ಟವು. ಅವರ ಬೆನ್ನು ಬಿಡದೆ ಹಿಡಿದದ್ದು ನಾಲ್ಕೂವರೆ ವರ್ಷದ ಒಂದು ಹುಡುಗಿ. ಎಲ್ಲದಕ್ಕೂ ‘ಯಾಕೆ’ ಎಂದು ಕೇಳುವುದರಿಂದ ನಾವು ಅವಳನ್ನು ಯಾಕಮ್ಮ ಎನ್ನುತ್ತಿದ್ದೆವು.

“ನೀನು ಯಾಕೆ ಇಷ್ಟುದ್ದ?”

“ಚಿಕ್ಕವನಿದ್ದಾಗ ತುಂಬಾ ಹಾಲು ಕುಡಿದೆ.”

“ಯಾಕೆ ನಿಲ್ಲಿಸ್ಲಿಲ್ಲ?”

ಪ್ರೊಫೆಸರು ತಮ್ಮ ಉದ್ದ ಕಾಲನ್ನೇ ನೋಡಿಕೊಂಡರು. ಮಕ್ಕಳ ಜೊತೆ ಹೇಗಿರಬೇಕೆಂದೇ ಅವರಿಗೆ ಗೊತ್ತಿರಲಿಲ್ಲ. ಎತ್ತಿಕೊಳ್ಳಬೇಕೋ, ಕೈ ಕುಲುಕಬೇಕೋ ಎಂಬಂತೆ ನಿಂತಿರುತ್ತಿದ್ದರು. ಅವರಿಗೆ ಬೇಕಾಗಿದ್ದುದು ಹಾಜರಿ ಪುಸ್ತಕಗಳು. ಹನ್ನೊಂದು ವರ್ಷದ್ದನ್ನೂ ಮೇಜಿನ ಮೇಲೆ ಒಟ್ಟಿಕೊಂಡು, ಒಂದು ವಾರ ಕೂತು ಪುಟಪುಟದ ಫೋಟೋ ತೆಗೆದರು. ನಾನು ಟೀ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಕೇಳಿದೆ, “ಇದರಿಂದ ಏನು ಸಿಗುತ್ತೆ ಸಾರ್?”

“ಒಬ್ಬ ತಾಯಿ ಕೆಲಸಕ್ಕೆ ಹೋಗ್ಬೇಕಾದ್ರೆ ಮಗುನ ಯಾರಾದ್ರೂ ನೋಡ್ಕೋಬೇಕಲ್ಲಮ್ಮ. ಆ ಬಾಗಿಲು ಎಷ್ಟು ಹೊತ್ತು ತೆಗೆದಿರುತ್ತೆ ಅನ್ನೋದ್ರ ಮೇಲೆ ಅವಳಿಗೆ ಎಂಥ ಕೆಲಸ ಸಿಗುತ್ತೆ, ಅದು ಉಳಿಯುತ್ತೋ ಇಲ್ವೋ, ಎಲ್ಲಾ ನಿಂತಿದೆ. ಸಂಜೆ ಎಂಟರವರೆಗೆ ಕೇಂದ್ರ ತೆಗೆದಿಡ್ಬೇಕಾ, ಆರು ಸಾಕಾ ಅಂತ ಸರ್ಕಾರ ಕೇಳಿದೆ.”

“ಅದಕ್ಕೆ ಆ ತಾಯಂದಿರನ್ನೇ ಕೇಳಬಹುದಿತ್ತಲ್ಲ?”

“ಕೇಳಿದ್ರೆ ಜನ ಕೇಳೋರಿಗೆ ಹಿಡಿಸೋ ಉತ್ತರ ಕೊಡ್ತಾರೆ. ಪುಸ್ತಕ ಹಾಗಲ್ಲ. ಅದಕ್ಕೆ ದಾಕ್ಷಿಣ್ಯ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗು ಸರಿಮಾಡಿಕೊಂಡು, “ಇನ್ನೊಂದು ಸ್ವಲ್ಪ ಟೀ ಹಾಕ್ಲಾ?” ಎಂದೆ.

ದಿನಾ ಐದೂಕಾಲಕ್ಕೆ ಅವರನ್ನು ಎಬ್ಬಿಸುತ್ತಿದ್ದೆ. “ಐದೂವರೆ ಬಸ್ಸು ಹೋದ್ರೆ ಆಮೇಲೆ ನಿಂತ್ಕೊಂಡೇ ಹೋಗ್ಬೇಕು ಸಾರ್, ನಿಮ್ಮ ಎತ್ತರಕ್ಕೆ ಕುತ್ತಿಗೆ ಉಳಿಯಲ್ಲ” ಎಂದರೆ ನಂಬಿ ಹೊರಡುತ್ತಿದ್ದರು. ಆದರೂ ಅವರಿಗೆ ಮನೆಗೆ ಹೋಗುವ ಆತುರ ಇದ್ದ ಹಾಗೆ ಕಾಣಲಿಲ್ಲ. ಚಪ್ಪಲಿ ಹಾಕಿಕೊಂಡ ಮೇಲೂ ಬಾಗಿಲಲ್ಲಿ ನಿಂತು ಏನಾದರೂ ಮಾತು ತೆಗೆಯುತ್ತಿದ್ದರು. ಕೊನೆಯ ದಿನ ಮಾತು ಮಗಳ ಕಡೆಗೆ ಬಂತು. ಎಂಟು ವರ್ಷದವಳು, ಬೇರೆ ಊರಿನಲ್ಲಿ ತಾಯಿಯ ಜೊತೆ ಇರುತ್ತಾಳೆ. ಎರಡು ವಾರಕ್ಕೊಮ್ಮೆ ಭಾನುವಾರ ಇವರು ಹೋಗಿ ನೋಡುತ್ತಾರೆ.

“ಏನು ಮಾತಾಡ್ಬೇಕು ಅಂತಾನೇ ಗೊತ್ತಾಗಲ್ಲಮ್ಮ. ಶಾಲೆ ಹೇಗಿದೆ ಅಂತೀನಿ, ಚೆನ್ನಾಗಿದೆ ಅಂತಾಳೆ. ಆಮೇಲೆ ಇಬ್ರೂ ಹೋಟೆಲಿನ ಮೆನು ಓದ್ತೀವಿ.”

“ಮಾತಾಡ್ಬೇಡಿ ಸಾರ್. ಪಕ್ಕದಲ್ಲಿ ಕೂತ್ಕೊಂಡು ಕೈಗೆ ಏನಾದ್ರೂ ಕೆಲಸ ಹಚ್ಚಿ. ಮಕ್ಕಳ ಬಾಯಿ ಕೈಯಲ್ಲಿರುತ್ತೆ.”

ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು! ನನಗೆ ನಗು ಬಂತು, ಜೊತೆಗೇ ಅಯ್ಯೋ ಅನಿಸಿತು.

ಆರು ವಾರ ಕಳೆದ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ಬಿಸ್ಕತ್ತಿನ ಪೊಟ್ಟಣ ಹಿಡಿದು ಮತ್ತೆ ಬಂದರು. ಮಕ್ಕಳು ಮಲಗಿದ್ದವು. ಅಡುಗೆ ಕೋಣೆಯಲ್ಲಿ ನಿಂತೇ ಹೇಳಿದರು, “ಅಮ್ಮಾ, ನಿಮಗೊಂದು ಒಳ್ಳೆ ಸುದ್ದಿ. ನಿಮ್ಮ ಕೇಂದ್ರದಲ್ಲಿ ಹತ್ತು ವರ್ಷದಿಂದ ಒಂದೇ ಒಂದು ಮಗೂನೂ ತಡವಾಗಿ ಹೋಗಿಲ್ಲ.”

“ಹೌದಾ ಸಾರ್.”

“ನಿಮ್ಮದೊಂದೇ ಆಗಿದ್ರೆ ನಂಬ್ತಿರ್ಲಿಲ್ಲ. ನಲವತ್ತರಲ್ಲೂ ಹಾಗೇ ಇದೆ. ನೂರಕ್ಕೆ ಎರಡು ತಡ, ಅಷ್ಟೆ. ಅಂದ್ರೆ ಸಂಜೆ ಹೊತ್ತಿಗೆ ಬೇಡಿಕೆ ಇಲ್ಲ. ಶುಕ್ರವಾರ ವರದಿ ಸಮಿತಿ ಮುಂದೆ ಹೋಗುತ್ತೆ. ಆರಕ್ಕೆ ಸರಿಯಾಗಿ ಬೀಗ, ಕೀಲಿ ಡಿಪೋ ಕಾವಲುಗಾರನ ಕೈಗೆ. ನಿಮಗೂ ಅನುಕೂಲ. ನೆಮ್ಮದಿಯಾಗಿ ಮನೆಗೆ ಹೋಗಬಹುದು. ಕಾಯ್ತಿರ್ತಾರಲ್ಲ.”

“ಕಾಯ್ತಿರ್ತವೆ ಸಾರ್, ನಾಲ್ಕು ಗೋಡೆ.”

ಅವರು ನಕ್ಕರು, ಆಮೇಲೆ ನಾನು ನಗುತ್ತಿಲ್ಲವೆಂದು ತಿಳಿದು ನಿಲ್ಲಿಸಿದರು. ಯಜಮಾನರು ಹೋಗಿ ಹನ್ನೆರಡು ವರ್ಷ. ಮಕ್ಕಳಾಗಲಿಲ್ಲ. ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಪಾತ್ರೆ, ಒಂದು ತಟ್ಟೆ. ಅದನ್ನೆಲ್ಲ ಅವರಿಗೆ ಹೇಳಿ ಏನು ಪ್ರಯೋಜನ?

ಅವರು ಹೋದ ಮೇಲೆ ಲೋಟ ತೊಳೆಯುತ್ತ ನಿಂತೆ. ತಲೆಯಲ್ಲಿ ಒಂದೇ ಮಾತು: ನಲವತ್ತು ಕೇಂದ್ರ. ನಲವತ್ತರಲ್ಲೂ ಮಕ್ಕಳು ಆರಕ್ಕೇ ಹೋಗುತ್ತವೆಯೇ? ಆಸ್ಪತ್ರೆ ಆರಕ್ಕೆ ಮುಚ್ಚುತ್ತದೆಯೇ, ಅಂಗಡಿ ಆರಕ್ಕೆ ಮುಚ್ಚುತ್ತದೆಯೇ? ಇಲ್ಲವಲ್ಲ. ಹಾಗಾದರೆ ಊರಿನ ಆ ಮೂಲೆಯಲ್ಲಿ, ಈ ಮೂಲೆಯಲ್ಲಿ, ನನ್ನ ಹಾಗೇ ಒಬ್ಬೊಬ್ಬಳು ದೀಪದ ಕೆಳಗೆ ಕೂತು ಆರು, ಆರು ಎಂದು ಬರೆದಿದ್ದಾಳೆ. ಇಷ್ಟು ವರ್ಷ ನಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿರಬೇಕು. ನಲವತ್ತು ಜನ ಕಳ್ಳಿಯರು, ಒಬ್ಬಳಿಗೆ ಇನ್ನೊಬ್ಬಳ ಪರಿಚಯವಿಲ್ಲ. ಎಲ್ಲರೂ ಸೇರಿ ಮಕ್ಕಳನ್ನು ಉಳಿಸಿಕೊಳ್ಳಲು ಬರೆದ ಸುಳ್ಳು ಈಗ ಒಟ್ಟಾಗಿ ಅವೇ ಮಕ್ಕಳ ಮೇಲೆ ಬಾಗಿಲು ಹಾಕುತ್ತಿದೆ.

ಆ ಸಂಜೆ ಕೊನೆಗೆ ಉಳಿದವಳು ಯಾಕಮ್ಮ. ಅವಳ ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಪಾಳಿ ಮುಗಿಯುವುದೇ ಆರೂಮುಕ್ಕಾಲಿಗೆ. ಏಳೂಹತ್ತಕ್ಕೆ ಏದುಸಿರು ಬಿಡುತ್ತ ಬಂದಳು. ಬಿಸಿನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕಾದ ಬೆರಳು.

“ತಡ ಆಯ್ತು ದೊಡ್ಡಮ್ಮ, ಬೈಬೇಡಿ.”

“ಬೈಯಲ್ಲ, ಕೂತ್ಕೋ. ಒಂದು ಮಾತು ಕೇಳ್ತೀನಿ. ನಾಳೆಯಿಂದ ಆರಕ್ಕೆ ಬೀಗ ಅಂತ ಮೇಲಿನವರು ಅಂದ್ರೆ ಏನ್ ಮಾಡ್ತೀಯ?”

ಅವಳು ಮಗಳ ಚಪ್ಪಲಿಯ ಪಟ್ಟಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. “ಬೆಳಗಿನ ಪಾಳಿ ಕೇಳಿ ಆಯ್ತು, ಕೊಡಲ್ಲ ಅಂದ್ರು. ಕೆಲಸ ಬಿಡೋ ಹಾಗಿಲ್ಲ. ಪಕ್ಕದ ಮನೆಯವರು ಒಂದು ದಿನ ನೋಡ್ಕೋತಾರೆ, ಎರಡು ದಿನ ನೋಡ್ಕೋತಾರೆ. ಆಮೇಲೆ…” ಸ್ವಲ್ಪ ತಡೆದು, “ಇವಳು ಜಾಣೆ ದೊಡ್ಡಮ್ಮ. ಒಲೆ ಮುಟ್ಟಲ್ಲ. ಒಳಗೆ ಬಿಟ್ಟು ಬಾಗಿಲು ಹಾಕಿದ್ರೆ ಸುಮ್ನೆ ಇರ್ತಾಳೆ ಅನ್ಸುತ್ತೆ” ಎಂದಳು.

“ಯಾಕೆ ಬಾಗಿಲು ಹಾಕ್ತೀಯ?” ಎಂದಳು ಯಾಕಮ್ಮ.

ತಾಯಿ ಅವಳನ್ನು ಎತ್ತಿಕೊಂಡು ಹೊರಟಳು. ಅವರು ಹೋದ ಮೇಲೆ ಯಾಕಮ್ಮನ ಗಡಿಯಾರ ಮೇಜಿನ ಮೇಲೆ ಬಿದ್ದಿತ್ತು. ಚಿಕ್ಕ ಮುಳ್ಳು ಏಳರ ಹತ್ತಿರ, ದೊಡ್ಡ ಮುಳ್ಳು ಎರಡರ ಮೇಲೆ, ವೃತ್ತ ದಾಟಿ ಕಾಗದದ ಅಂಚಿನವರೆಗೂ ಹೋಗಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಿವೃತ್ತಿಗೆ ಎರಡು ವರ್ಷ ಬಾಕಿ. ಕೆಲಸ ಹೋಗಬಹುದು, ಪಿಂಚಣಿ ಹೋಗಬಹುದು. ಹೋಗದಿದ್ದರೂ ಇಲ್ಲಂತೂ ಇರಗೊಡುವುದಿಲ್ಲ. ಸುಮ್ಮನಿದ್ದರೆ ಇವು ಯಾವುವೂ ಆಗುವುದಿಲ್ಲ. ಹಗಲು ಇಪ್ಪತ್ತಾರು ಮಕ್ಕಳು ನನ್ನವೇ. ಬರೀ ಸಂಜೆ ಹೋಗುತ್ತದೆ. ಹಗ್ಗ ಹರಿಯದೆ ಕೋಲು ಮುರಿಯದೆ ಏನಾದರೂ ದಾರಿ ಇದೆಯೇ ಎಂದು ಎರಡು ದಿನ ಯೋಚಿಸಿದೆ. ಕಣ್ಣು ಮುಚ್ಚಿದರೆ ಕಿಟಕಿಯ ಕಂಬಿಯ ಹಿಂದೆ ಆ ಹಳೆಯ ಮಗು. ಈ ಸಲ ಮುಖ ಮಾತ್ರ ಯಾಕಮ್ಮನದು.

ಗುರುವಾರ ಬೆಳಿಗ್ಗೆ ಪ್ರೊಫೆಸರಿಗೆ ಫೋನ್ ಮಾಡಿದೆ. “ಸಾರ್, ಇವತ್ತು ಸಂಜೆ ಆರೂವರೆಗೆ ಕೇಂದ್ರಕ್ಕೆ ಬನ್ನಿ.”

“ಆರೂವರೆಗೆ ಮುಚ್ಚಿರುತ್ತಲ್ಲಮ್ಮ?”

“ಬನ್ನಿ ಸಾರ್.”

ಬಂದಾಗ ಒಳಗೆ ಐದು ಮಕ್ಕಳಿದ್ದವು. ಬಾಗಿಲಲ್ಲೇ ನಿಂತು ಎಣಿಸಿದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಗೋಡೆಯ ಗಡಿಯಾರ ನೋಡಿದರು, ಕೈಗಡಿಯಾರ ನೋಡಿಕೊಂಡರು.

“ಇವತ್ತು ಏನಾದ್ರೂ ತೊಂದರೆ ಆಗಿದೆಯಾ? ಬಸ್ಸು…”

“ಬಸ್ಸು ಸರಿಯಾಗೇ ಓಡ್ತಿದೆ ಸಾರ್. ದಿನಾ ಇಷ್ಟೇ.”

“ಪುಸ್ತಕದಲ್ಲಿ ಆರು ಅಂತ ಇದೆಯಲ್ಲ.”

“ಪುಸ್ತಕಕ್ಕೆ ದಾಕ್ಷಿಣ್ಯ ಇಲ್ಲ ಅಂದ್ರಿ. ಬರೆಯೋಳಿಗೆ ಇದೆಯಲ್ಲ ಸಾರ್.”

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮೂರು ಗುರುತಿನ ನಿಯಮ, ಬೀಗದ ಹಿಂದಿನ ಮಗು, ಹತ್ತು ವರ್ಷದ ಆರು ಗಂಟೆ. ಅವರ ಮುಖ ಸಪ್ಪೆಯಾಯಿತು. ಕೋಪ ಬಂದಿತ್ತೋ ನಾಚಿಕೆಯಾಗಿತ್ತೋ ಹೇಳಲಾರೆ. “ನಾನು ಈ ನಿಯಮ ಓದಿದ್ದೆ. ಓದಿದ್ದೆ ಕಣಮ್ಮ. ಹೊಳೀಲೇ ಇಲ್ಲ” ಎಂದರು. “ನಾಳೆ ಬೆಳಿಗ್ಗೆ ಸಮಿತಿ. ನೀವು ಹೇಳಿದ್ದನ್ನ ನಾನು ನಂಬ್ತೀನಿ. ಆದರೆ ಒಬ್ಬರ ಬಾಯಿಮಾತು ಹಿಡ್ಕೊಂಡು ಹೋದ್ರೆ ಅವರು ನಂಬಲ್ಲ.”

ನಾನು ಒಳಗಿನಿಂದ ತಗಡಿನ ಪೆಟ್ಟಿಗೆ ಎಳೆದು ತಂದು ಮುಚ್ಚಳ ತೆಗೆದೆ.

ಅವರು ಮೊದಲ ಕಾಗದ ಎತ್ತಿದರು, ಎರಡನೆಯದು ಎತ್ತಿದರು. ನಿಂತೇ ಇದ್ದವರು ಮೊಣಕಾಲೂರಿ, ಆಮೇಲೆ ಪೂರಾ ನೆಲಕ್ಕೆ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆರೂಮುಕ್ಕಾಲು. ಏಳು. ಏಳೂಕಾಲು. ಒಂದರಲ್ಲಿ ಮುಳ್ಳುಗಳಿಗೆ ಕಾಲು ಬರೆದಿತ್ತು, ಒಂದರಲ್ಲಿ ಗಡಿಯಾರಕ್ಕೆ ಕಣ್ಣೀರು. ಎಲ್ಲದರ ಮೂಲೆಯಲ್ಲೂ ಹೆಸರು, ತಾರೀಕು.

“ಎಷ್ಟಿವೆ?”

“ಎಣಿಸಿಲ್ಲ. ಪೆಟ್ಟಿಗೆ ತುಂಬಿದೆ. ಇನ್ನೊಂದು ಅಂಥದ್ದೇ ಇದೆ.”

“ಆದರೆ ನಾಲ್ಕು ವರ್ಷದ ಮಕ್ಕಳು ಬರೆದ ಗಡಿಯಾರ… ಸರಿ ಇರುತ್ತಾ?”

“ಐದು ನಿಮಿಷ, ಹತ್ತು ನಿಮಿಷ ಆಚೀಚೆ ಇರುತ್ತೆ. ಸುಳ್ಳು ಬರೆಯೋಕೆ ಅವಕ್ಕೆ ಇನ್ನೂ ಬರಲ್ಲ ಸಾರ್.”

ಯಾಕಮ್ಮ ಅವರ ತೊಡೆಗೆ ಒರಗಿ ನಿಂತು ನೋಡುತ್ತಿದ್ದಳು. “ಇದು ನಂದು. ಇದೂ ನಂದು. ಯಾಕೆ ನೋಡ್ತಿದ್ದೀಯ?”

“ನಂಗೆ ಗಡಿಯಾರ ಬರೆಯೋಕೆ ಬರಲ್ಲ, ಅದಕ್ಕೆ.”

“ಇಷ್ಟು ದೊಡ್ಡೋನು!” ಎಂದು ಅವಳು ಲೋಟ ತಂದಳು. ಒಬ್ಬೊಬ್ಬರೇ ತಾಯಂದಿರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಹೊಸಬರನ್ನು ಕಂಡು ಹೆದರಿ ನನ್ನ ಮುಖ ನೋಡಿದರು. ನಾನು ಏನಿಲ್ಲವೆಂದು ತಲೆಯಾಡಿಸಿದೆ. ಕೊನೆಗೆ ಯಾಕಮ್ಮ, ಪ್ರೊಫೆಸರು, ನಾನು ಮೂವರೇ ಉಳಿದೆವು. ಅವರಿಬ್ಬರೂ ಹೊಟ್ಟೆಯ ಮೇಲೆ ಮಲಗಿದಂತೆ ಬಗ್ಗಿ ಒಂದೊಂದು ವೃತ್ತ ಬರೆದು ಕಾಯುತ್ತಿದ್ದರು. ಮಾತಿಲ್ಲ. ಬಾಗಿಲು ತೆರೆದ ಕೂಡಲೇ ಇಬ್ಬರೂ ಒಟ್ಟಿಗೆ ಮುಳ್ಳು ಎಳೆದರು. ಏಳೂಐದು. “ನಿಂದು ಸೊಟ್ಟ” ಎಂದಳು ಯಾಕಮ್ಮ. ಅವರದ್ದು ನಿಜವಾಗಿಯೂ ಸೊಟ್ಟ ಇತ್ತು.

ತಾಯಿ ಮಗಳು ಹೋದ ಮೇಲೆ ಪ್ರೊಫೆಸರು ಹೇಳಿದರು, “ಇದನ್ನ ತಗೊಂಡು ಹೋದ್ರೆ ಎಲ್ಲಿಂದ ಬಂತು ಅಂತ ಹೇಳ್ಲೇಬೇಕಾಗುತ್ತೆ. ನಿಮ್ಮ ಹೆಸರು ಬರೆಯದೆ ಇರಬಹುದು. ಕೇಂದ್ರ ಯಾವುದು ಅಂದ ಕೂಡ್ಲೇ ಕೈಬರಹ ಯಾರದು ಅಂತ ಗೊತ್ತಾಗುತ್ತೆ.”

“ಇದು ಕೊಟ್ರೆ ಎಂಟರವರೆಗೆ ತೆಗೀತಾರಾ?”

“ಮಾತು ಕೊಡೋಕಾಗಲ್ಲ. ನಾಳೆ ವರದಿ ಹಿಂದಕ್ಕೆ ತಗೋತೀನಿ. ಮತ್ತೆ ಎಣಿಸೋವರೆಗೂ ಆರಕ್ಕೆ ಬೀಗ ಬೀಳಲ್ಲ. ಇಷ್ಟು ಹೇಳಬಲ್ಲೆ. ಉಳಿದ ಕೇಂದ್ರಗಳಲ್ಲೂ…”

“ಅವರನ್ನ ಕೇಳ್ಬೇಡಿ ಸಾರ್” ಎಂದೆ. “ಕೇಳಿದ್ರೆ ಹೆದರ್ತಾರೆ, ಇಲ್ಲಾ ಅಂತಾರೆ. ಪುಸ್ತಕಾನೂ ತೆಗೆಸ್ಬೇಡಿ. ನಿಮ್ಮ ಹುಡುಗರನ್ನ ಕಳಿಸಿ, ಸಂಜೆ ಬಾಗಿಲ ಹೊರಗೆ ನಿಂತು ಎಷ್ಟು ಮಕ್ಕಳು ಎಷ್ಟೊತ್ತಿಗೆ ಹೋಗ್ತವೆ ನೋಡ್ಲಿ. ಸಿಕ್ಕಿಬೀಳೋಕೆ ನಾನೊಬ್ಬಳು ಸಾಕು.”

ಅವರು ಕಾಗದಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು. “ನೀವು ಯೋಚನೆ ಮಾಡಿ. ನಾನು ಬೆಳಿಗ್ಗೆ ಬಂದು ತಗೋತೀನಿ.”

“ಬೆಳಿಗ್ಗೆ ನಂಗೆ ಧೈರ್ಯ ಇರುತ್ತೋ ಇಲ್ವೋ. ಈಗಲೇ ತಗೊಂಡು ಹೋಗಿ” ಎಂದು ಪೆಟ್ಟಿಗೆಗೆ ಬಟ್ಟೆ ಒಣಗಿಸುವ ಹಗ್ಗ ಬಿಗಿದು ಕೊಟ್ಟೆ. ಇನ್ನೊಂದನ್ನು ನಾನೇ ಹೊತ್ತು ಬಸ್ಸಿನವರೆಗೆ ಹೋದೆ. ಬಸ್ಸಿನಲ್ಲಿ ಅವರು ಕುತ್ತಿಗೆ ಬಗ್ಗಿಸಿಕೊಂಡೇ ನಿಂತಿದ್ದರು. ಕೈ ಎರಡೂ ತುಂಬಿತ್ತು, ತಲೆಯನ್ನೇ ಆಡಿಸಿದರು.

ಮುಂದಿನದ್ದು ನಿಧಾನವಾಗಿ ನಡೆಯಿತು. ಒಂದು ತಿಂಗಳು ಬೀದಿಯ ಆಚೆ ಇಬ್ಬರು ವಿದ್ಯಾರ್ಥಿಗಳು ಪುಸ್ತಕ ಹಿಡಿದು ನಿಂತಿರುತ್ತಿದ್ದರು. ಆಮೇಲೆ ಮೇಲ್ವಿಚಾರಕಿ ನನ್ನನ್ನು ಕರೆಸಿದಳು. ವಯಸ್ಸಿನಲ್ಲಿ ನನ್ನ ತಂಗಿಯ ಮಗಳಷ್ಟಾಗಬೇಕು, ಕೆಟ್ಟವಳಲ್ಲ.

“ಹನ್ನೊಂದು ವರ್ಷ ಸುಳ್ಳು ಬರೆದ್ರಲ್ಲಮ್ಮಾ.”

“ಹತ್ತು ವರ್ಷ. ಮೊದಲ ವರ್ಷ ನಿಜ ಬರೆದಿದ್ದೆ.”

“ಅದನ್ನೇ ಮುಂದುವರಿಸಬಾರದಿತ್ತಾ? ಎಲ್ಲರೂ ನಿಜ ಬರೆದಿದ್ರೆ ಎಂಟು ಗಂಟೆ ನಿಯಮ ಯಾವತ್ತೋ ಬರ್ತಿತ್ತು.”

ಆ ಮಾತು ಸರಿಯೇ. ನಾನು ಉಳಿಸಿದ್ದು ನನ್ನ ಕಣ್ಣಿಗೆ ಕಂಡ ಮಕ್ಕಳನ್ನು. ಕಾಯುವ ಪಟ್ಟಿಯಲ್ಲಿದ್ದ ಎಂಬತ್ತು ಜನ ಎಲ್ಲಿ ಕೂತು ಯಾರ ದಾರಿ ನೋಡುತ್ತಿದ್ದರೋ, ಅವರಿಗೆ ನಾನು ಗಡಿಯಾರ ಬರೆದುಕೊಟ್ಟಿರಲಿಲ್ಲ.

ಕೆಲಸ ತೆಗೆಯಲಿಲ್ಲ. ಪ್ರೊಫೆಸರು ಏನೋ ಹೇಳಿದ್ದರಂತೆ. ಮಕ್ಕಳಿರುವ ಕಡೆ ಇರಕೂಡದು ಎಂದು ಮುಖ್ಯ ಕಚೇರಿಯ ಹಳೆ ಕಡತಗಳ ಕೋಣೆಗೆ ಹಾಕಿದರು. ಹತ್ತರಿಂದ ಐದು. ನಾನು ಬಿಟ್ಟ ಮೂರು ತಿಂಗಳಿಗೆ ಆದೇಶ ಬಂತು: ಎಲ್ಲ ಕೇಂದ್ರಗಳೂ ರಾತ್ರಿ ಎಂಟರವರೆಗೆ, ಸಂಜೆಗೆ ಬೇರೆ ಪಾಳಿ, ಮೂರು ಗುರುತಿನ ನಿಯಮ ರದ್ದು. ಪ್ರೊಫೆಸರು ಫೋನ್ ಮಾಡಿ ಓದಿ ಹೇಳಿದರು. ಕೊನೆಗೆ, “ಭಾನುವಾರ ನಾನೂ ಮಗಳೂ ಮರದ ಹಕ್ಕಿಗೂಡು ಮಾಡಿದ್ವಿ. ನನ್ನದು ಸೊಟ್ಟ ಅಂದಳು” ಎಂದರು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ನಿಶ್ಶಬ್ದ ಅನಿಸಿತು.

ಒಂದು ಸಂಜೆ ಕೇಂದ್ರದ ಎದುರು ಬಸ್ಸಿಳಿದೆ. ಆಚೆ ಬದಿಯಲ್ಲೇ ನಿಂತೆ. ದೀಪ ಉರಿಯುತ್ತಿತ್ತು. ಸಂಜೆ ಪಾಳಿಯ ಹುಡುಗಿ ಚುರುಕಾಗಿದ್ದಳು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಏನೋ ಹಾಡಿಸುತ್ತಿದ್ದಳು. ಯಾಕಮ್ಮನೂ ಬಾಯಿ ತೆರೆದು ಹಾಡುತ್ತಿದ್ದಳು. ಗಡಿಯಾರದ ಕಡೆ ಒಮ್ಮೆಯೂ ನೋಡಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡು ಮುಂದಿನ ಬಸ್ಸು ಹತ್ತಿದೆ.

ಕಡತಗಳ ಕೋಣೆಯಲ್ಲಿ ಕಿಟಕಿಯಿಲ್ಲ. ಕಪಾಟಿನಲ್ಲಿ ನಲವತ್ತು ಕೇಂದ್ರಗಳ ಹಾಜರಿ ಪುಸ್ತಕಗಳು. ಧೂಳು ಹೊಡೆದು, ಅಂಟು ಬಿಟ್ಟ ರಟ್ಟಿಗೆ ಅಂಟು ಹಚ್ಚಿ, ವರ್ಷವಾರು ಜೋಡಿಸುವುದು ನನ್ನ ಕೆಲಸ. ಜೋಡಿಸುತ್ತ ತೆರೆದು ನೋಡುವ ಚಟ ಹತ್ತಿತು. ಎಲ್ಲದರಲ್ಲೂ ಆರು. ಒಬ್ಬಳು ಒತ್ತಿ ಒತ್ತಿ ಬರೆದಿದ್ದಾಳೆ, ಕಾಗದ ಹಿಂಬದಿಗೆ ಉಬ್ಬಿದೆ. ಒಬ್ಬಳದ್ದು ಕೊನೆಕೊನೆಗೆ ನಡುಗುತ್ತದೆ, ಮುಂದಿನ ವರ್ಷದಿಂದ ಕೈ ಬದಲು. ಒಬ್ಬಳು ಜಾಣೆ, ನಡುನಡುವೆ ಐದೂವರೆ, ಐದೂಮುಕ್ಕಾಲು ಹಾಕಿ ನಂಬುವ ಹಾಗೆ ಮಾಡಿದ್ದಾಳೆ. ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಒಬ್ಬಳೇ ನಕ್ಕೆ. ಇವರಲ್ಲಿ ಯಾರ ಮುಖವೂ ನನಗೆ ಗೊತ್ತಿಲ್ಲ. ಬೀದಿಯಲ್ಲಿ ಎದುರಾದರೂ ಗುರುತು ಸಿಗಲಾರದು.

ಹೊಸ ಪುಸ್ತಕಗಳೂ ಬರತೊಡಗಿದವು. ಅವುಗಳಲ್ಲಿ ಆರೂನಲವತ್ತು, ಏಳೂಹತ್ತು, ಏಳೂವರೆ. ನಮ್ಮ ಕೇಂದ್ರದ್ದು ಬಂದ ದಿನ ಮೊದಲು ಅದನ್ನೇ ತೆಗೆಯುತ್ತಿದ್ದೆ. ಯಾಕಮ್ಮನ ಸಾಲಿನಲ್ಲಿ ಬೆರಳಿಟ್ಟು ಒಂದೊಂದೇ ದಿನ ಓದುತ್ತಿದ್ದೆ. ಏಳೂಐದು, ತಾಯಿ ಓಡಿ ಬಂದಿದ್ದಾಳೆ. ಏಳೂಇಪ್ಪತ್ತು, ಬಸ್ಸು ತಪ್ಪಿದೆ. ಎರಡು ದಿನ ಖಾಲಿ. ಜ್ವರ ಇರಬೇಕು, ಯಾರು ನೋಡಿಕೊಂಡರೋ. ವರ್ಷ ಕಳೆದ ಮೇಲೆ ಬಂದ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ಆಮೇಲೆ ತಿಳಿಯಿತು, ವಯಸ್ಸಾಯಿತು. ದೊಡ್ಡ ಶಾಲೆಗೆ ಸೇರಿರುತ್ತಾಳೆ.

ಆ ದಿನ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ. ಹಿಂದಿನ ವರ್ಷದ್ದನ್ನು ತೆಗೆದು ಅವಳ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ. ತಲೆ ಎತ್ತಿದಾಗ ಓಣಿಯ ದೀಪಗಳನ್ನೆಲ್ಲ ಆರಿಸಿದ್ದರು. ಕೆಳಗಿಳಿದು ಬಂದೆ. ಬಾಗಿಲ ಬಳಿಯ ಮೇಜಿನ ಮೇಲೆ ಸಿಬ್ಬಂದಿಯ ಪುಸ್ತಕ; ಹೋಗುವಾಗ ಹೊತ್ತು ಬರೆದು ಸಹಿ ಹಾಕಬೇಕು. ಪೆನ್ನು ತೆಗೆದುಕೊಂಡು ಬರೆದೆ.

ಕಾವಲುಗಾರ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದ. “ಅಮ್ಮಾ, ಆರು ಅಂತ ಬರೆದ್ರಲ್ಲ. ಏಳೂಕಾಲು ಆಯ್ತು.”

ನೋಡಿದೆ. ಹೌದು, ಆರು ಎಂದೇ ಬರೆದಿದ್ದೆ.

“ಇಷ್ಟೊತ್ತು ಯಾಕೆ ಕಾಯ್ತಿದ್ರಿ? ಕರ್ಕೊಂಡು ಹೋಗೋಕೆ ಯಾರಾದ್ರೂ ಬರ್ತಾರಾ?”

“ಇಲ್ಲಪ್ಪ. ನಾನೇ ಹೋಗ್ತೀನಿ.”

ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಏಳೂಕಾಲು ಎಂದು ಬರೆದು ಸಹಿ ಹಾಕಿದೆ.